ನಾಲ್ಕು ಮಿಲಿಮೀಟರ್

ಆಗಿನ್ನೂ ಲಿಂಗಸುಗೂರಿನಿಂದ ಸಿಂಧನೂರಿಗೆ ಹೋಗುವ ಬಸ್ಸು ಮಸ್ಕಿಯೊಳಗೆ ಬಂದಾಗ ಎದುರಿಗೆ ಹುಲ್ಲಿನ ಬಂಡಿಯೊಂದು ಸಿಕ್ಕರೆ, ಎರಡರಲ್ಲಿ ಒಂದು ಹಿಂದಕ್ಕೆ ಸರಿಯಬೇಕಾಗುತ್ತಿತ್ತು. ರಸ್ತೆಯ ಎರಡೂ ಬದಿಯ ತಗಡಿನ ಚಪ್ಪರಗಳು ಬಸ್ಸಿನ ಕಿಟಕಿಗೆ ಅಷ್ಟು ಹತ್ತಿರ. ಸೀಟಿನಲ್ಲಿ ಕೂತವರು ಕೈ ಚಾಚಿ ಮಿರ್ಚಿಯ ಪೊಟ್ಟಣ ತೆಗೆದುಕೊಳ್ಳುತ್ತಿದ್ದರು. ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವುದನ್ನು ನಮ್ಮ ಕಡೆ ಆಗ ಯಾರೂ ಕಂಡಿರಲಿಲ್ಲ. ನಕ್ಷೆ ಎಂದರೆ ಒಬ್ಬ ಮನುಷ್ಯ ಹಲಗೆಯ ಮೇಲೆ ಬಗ್ಗಿ ನಿಂತು ಉಸಿರು ಬಿಗಿಹಿಡಿದು ಎಳೆದ ಗೆರೆ. ಹಾಗೆ ಗೆರೆ ಎಳೆಯುವವನು ನನ್ನ ಅಪ್ಪ.

ಅಪ್ಪ ಲಿಂಗಸುಗೂರಿನ ಒಂದು ಕಚೇರಿಯಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದ. ಆ ಶಬ್ದ ನಮ್ಮ ಓಣಿಯಲ್ಲಿ ಯಾರ ಬಾಯಿಗೂ ಒಗ್ಗುತ್ತಿರಲಿಲ್ಲ. ಎಲ್ಲರೂ ಅವನನ್ನು ನಕಾಶಿ ಶಿವಣ್ಣ ಎನ್ನುತ್ತಿದ್ದರು. ದಿನಾ ಬೆಳಗಿನ ಬಸ್ಸಿಗೆ ಹೋಗಿ ಸಂಜೆ ಬರುತ್ತಿದ್ದ. ಬಂದಾಗ ಅವನ ಅಂಗಿಗೆ ಒಂದು ಖಾರವಾದ ವಾಸನೆ ಇರುತ್ತಿತ್ತು. ಅದು ಕಚೇರಿಯಲ್ಲಿ ನಕ್ಷೆಯ ಪ್ರತಿ ತೆಗೆಯುವ ಅಮೋನಿಯಾದ್ದು ಎಂದು ನನಗೆ ಬಹಳ ದಿನ ಗೊತ್ತಿರಲಿಲ್ಲ. ಎಲ್ಲರ ಅಪ್ಪಂದಿರೂ ಕೆಲಸದಿಂದ ಬರುವಾಗ ಹಾಗೇ ವಾಸನೆ ಹೊತ್ತು ಬರುತ್ತಾರೆ ಎಂದುಕೊಂಡಿದ್ದೆ.

ಐದನೇ ಇಯತ್ತೆಯ ಪರೀಕ್ಷೆ ಮುಗಿದು ಬೇಸಿಗೆ ರಜೆ ಬಿದ್ದಿತ್ತು. ಮಸ್ಕಿಯ ಬೇಸಿಗೆಯನ್ನು ಕಂಡವರಿಗೆ ಹೇಳಬೇಕಾದ್ದಿಲ್ಲ. ಊರ ಸುತ್ತಲಿನ ಬಂಡೆಗಲ್ಲುಗಳು ಹಗಲೆಲ್ಲ ಕಾದು, ಸೂರ್ಯ ಮುಳುಗಿದ ಮೇಲೂ ಒಲೆಯಂತೆ ಝಳ ಬಿಡುತ್ತಿದ್ದವು. ಅಪ್ಪನ ಕಚೇರಿಗೆ ತಗಡಿನ ಸೂರು. ಬೆವರಿನ ಹನಿ ಬಿದ್ದು ಟ್ರೇಸಿಂಗ್ ಪೇಪರು ಸುಕ್ಕಾಗುತ್ತದೆ, ಕೆಲಸ ಬೇರೆ ಅವಸರದ್ದು ಎಂದು ಅವನ ಸಾಹೇಬರು ನಕ್ಷೆಯನ್ನು ಮನೆಯಲ್ಲೇ ಮುಗಿಸಿಕೊಂಡು ಬರಲು ಹೇಳಿದರು. ಅಪ್ಪ ದೊಡ್ಡ ಹಲಗೆಯನ್ನು ಬಸ್ಸಿನ ಮೇಲೆ ಹೇರಿಸಿಕೊಂಡು ಬಂದ. ನಡುಮನೆಯಲ್ಲಿ ಎರಡು ಕಬ್ಬಿಣದ ಟ್ರಂಕಿನ ಮೇಲೆ ಅದನ್ನು ಹೂಡಿದ. ಅವ್ವ ಆ ಟ್ರಂಕಿನೊಳಗಿನ ಸೀರೆಗಳನ್ನು ಮೊದಲೇ ಹೊರಗೆ ತೆಗೆದಿಟ್ಟುಕೊಂಡು, ಇನ್ನು ಈ ಮನೆಯಲ್ಲಿ ಅಡ್ಡಾಡುವುದಕ್ಕೂ ಜಾಗ ಇಲ್ಲ ಎಂದು ಗೊಣಗಿದಳು.

ನನಗೆ ಮಾತ್ರ ಹಬ್ಬ. ಟೀ ಸ್ಕ್ವೇರು ಎಂಬ ಉದ್ದ ಮರದ ಪಟ್ಟಿ ಹಲಗೆಯ ಎಡ ಅಂಚಿಗೆ ಒತ್ತಿಕೊಂಡು ಮೇಲೆ ಕೆಳಗೆ ಜಾರುವಾಗ ಬರುವ ಸಣ್ಣ ಸದ್ದು. ಹಸಿರು ಗಾಜಿನಂಥ ಸೆಟ್ ಸ್ಕ್ವೇರುಗಳು. ಬೆಂಕಿಪೆಟ್ಟಿಗೆಯ ಬದಿಯಂತೆ ಒರಟಾದ ಮರಳುಕಾಗದದ ಮೇಲೆ ಅಪ್ಪ ಪೆನ್ಸಿಲ್ ಮೊನೆಯನ್ನು ಉಜ್ಜಿ ಉಜ್ಜಿ ಸೂಜಿ ಮಾಡುತ್ತಿದ್ದ. ಹಾಳೆಗೆ ಕೈಯ ಜಿಡ್ಡು ಹತ್ತಬಾರದೆಂದು ಅದರ ಮೇಲೆ ಬಿಳಿ ಪೌಡರು ಉದುರಿಸಿ ಬಟ್ಟೆಯಿಂದ ಒರೆಸುತ್ತಿದ್ದ. ಬಲಗೈ ಮಣಿಕಟ್ಟಿಗೆ ಟವೆಲ್ಲು ಸುತ್ತಿಕೊಳ್ಳುತ್ತಿದ್ದ. ಗೆರೆ ಎಳೆಯುವಾಗ ಮಾತಾಡಿಸಿದರೆ ಉತ್ತರ ಬರುತ್ತಿರಲಿಲ್ಲ. ಗೆರೆ ಮುಗಿದ ಮೇಲೆ ಬರುತ್ತಿತ್ತು.

ಗೆರೆಗಳಲ್ಲಿ ಜಾತಿಗಳಿವೆ ಎಂದು ಅವನೇ ನನಗೆ ಹೇಳಿಕೊಟ್ಟದ್ದು. ಕಣ್ಣಿಗೆ ಕಾಣುವ ಅಂಚಿಗೆ ದಪ್ಪ ಗೆರೆ. ಒಳಗೆ ಮರೆಯಾಗಿರುವುದಕ್ಕೆ ತುಂಡು ತುಂಡು ಗೆರೆ. ನಡುಮಧ್ಯ ತೋರಿಸಲು ಒಂದು ಉದ್ದ, ಒಂದು ಚುಕ್ಕಿ. ಅಳತೆ ತೋರಿಸುವ ಗೆರೆ ಎಲ್ಲಕ್ಕಿಂತ ತೆಳ್ಳಗೆ, ಎರಡೂ ತುದಿಗೆ ಬಾಣ. ನಾನು ಅದನ್ನೆಲ್ಲ ಓಣಿಗೆ ಒಯ್ದೆ. ಕುಂಟಾಟದ ಮನೆಗಳನ್ನು ಸೆಟ್ ಸ್ಕ್ವೇರು ಹಿಡಿದು ಇದ್ದಲಿನಿಂದ ಬರೆದೆ. ಗೆಳತಿಯರು ಅದರ ಚೆಂದ ನೋಡಿ, ಕಾಲಿಟ್ಟರೆ ಅಳಿಸುತ್ತದೆಂದು ಸ್ವಲ್ಪ ಹೊತ್ತು ಆಡದೆ ನಿಂತರು.

ಅಪ್ಪ ತಂದಿದ್ದ ನಕ್ಷೆ ನಮ್ಮೂರಿನ ರಸ್ತೆಯದೇ. ರಸ್ತೆಯನ್ನು ಅಗಲ ಮಾಡುವ ಕೆಲಸ ಬಂದಿತ್ತು. ಈ ಸುದ್ದಿ ಊರಿನಲ್ಲಿ ಹರಡಿದ ಮೇಲೆ ನಮ್ಮ ಮನೆಗೆ ಬರುವವರು ಹೆಚ್ಚಿದರು. ಎಂದೂ ಬಾರದ ಬಟ್ಟೆ ಅಂಗಡಿಯವರು ಬಂದರು. ಚಹಾದ ಅಂಗಡಿಯವನು ತಟ್ಟೆ ತುಂಬ ಮಿರ್ಚಿ ಕಳಿಸಿದ. ಅಪ್ಪ ಅದನ್ನು ಮುಟ್ಟದೆ ಹಾಗೇ ಹಿಂದಕ್ಕೆ ಕಳಿಸಿಬಿಟ್ಟ. ನಾನು ಆ ತಟ್ಟೆಯ ಹಿಂದೆ ಕಟ್ಟೆಯ ತನಕ ಹೋಗಿ ಬಂದೆ. ಬಂದವರೆಲ್ಲ ಕೇಳುತ್ತಿದ್ದುದು ಒಂದೇ, ಗೆರೆ ಎಲ್ಲಿ ಹಾಯುತ್ತದೆ ಎಂದು. ಅಪ್ಪ ಪ್ರತಿಯೊಬ್ಬರಿಗೂ ಕಚೇರಿಗೆ ಬಂದು ಸಾಹೇಬರನ್ನು ಕೇಳಿ ಎಂದಷ್ಟೇ ಹೇಳುತ್ತಿದ್ದ. ಊರಿನ ದೊಡ್ಡವರೆಲ್ಲ ಬಂದು ನಮ್ಮ ಚಾಪೆಯ ಮೇಲೆ ಕೂರುವುದನ್ನು ಕಂಡು, ನನ್ನಪ್ಪನ ಕೈಯಲ್ಲಿ ಎಷ್ಟೊಂದು ಇದೆ ಎಂದು ನನಗೆ ಹೆಮ್ಮೆಯಾಗುತ್ತಿತ್ತು.

ನಮ್ಮ ಮನೆಯ ಮುಂದುಗಡೆ, ರಸ್ತೆಗೆ ಮುಖ ಮಾಡಿ, ನೀಲಮ್ಮನ ಹಿಟ್ಟಿನ ಗಿರಣಿ ಇತ್ತು. ಅಪ್ಪ ಅವಳನ್ನು ಅಕ್ಕ ಎನ್ನುತ್ತಿದ್ದ, ಅದಕ್ಕೆ ನನಗೆ ಅತ್ತಿ. ರಕ್ತಸಂಬಂಧವೇನೂ ಇರಲಿಲ್ಲ. ಗಂಡ ತೀರಿಕೊಂಡ ಮೇಲೆ ಗಿರಣಿಯನ್ನು ಅವಳೇ ನಡೆಸುತ್ತಿದ್ದಳು. ಮೋಟರಿನ ಪಟ್ಟಿ ಹರಿದರೆ ತಾನೇ ಹೊಲಿದು ಏರಿಸುತ್ತಿದ್ದಳು. ಒಬ್ಬಳೇ ಮಗಳನ್ನು ತುರ್ವಿಹಾಳಕ್ಕೆ ಕೊಟ್ಟಿದ್ದಳು. ಜೋಳದ ಡಬ್ಬಿಗಳ ಸಾಲಿನ ನಡುವೆ ನನಗೊಂದು ಗೋಣಿಚೀಲದ ಆಸನ ಇತ್ತು. ಆಗ ತಾನೇ ಬಿದ್ದ ಬಿಸಿ ಹಿಟ್ಟಿನೊಳಗೆ ಕೈ ಹುದುಗಿಸಿ ಕೂರುವುದು ನನ್ನ ಮಧ್ಯಾಹ್ನದ ಕೆಲಸ. ಅವಳು ರೊಟ್ಟಿಯ ಮೇಲೆ ಶೇಂಗಾ ಹಿಂಡಿ ಹಾಕಿ, ಎಣ್ಣೆ ಬಿಟ್ಟು, ಸುರುಳಿ ಸುತ್ತಿ ಕೊಡುತ್ತಿದ್ದಳು. ಗಿರಣಿಯ ಗದ್ದಲದಲ್ಲಿ ಮಾತು ಕೇಳುತ್ತಿರಲಿಲ್ಲವಾದ್ದರಿಂದ ನಾವಿಬ್ಬರೂ ಕೈಸನ್ನೆಯಲ್ಲೇ ಮಾತಾಡುತ್ತಿದ್ದೆವು.

ಒಂದು ದಿನ ಅಪ್ಪ ನನಗೊಂದು ಕೆಲಸ ಕೊಟ್ಟ. ಪೆನ್ಸಿಲಿನಲ್ಲಿ ಬರೆದ ಕಚ್ಚಾ ಹಾಳೆಯಲ್ಲಿ ಸಣ್ಣ ಸಣ್ಣ ಚೌಕಗಳಿದ್ದವು. ದಪ್ಪ ಗೆರೆಯ ಈಚೆ ಬರುವ ತುಣುಕುಗಳೊಳಗೆ ಓರೆ ಗೆರೆ ತುಂಬಬೇಕು. ಒಂದರಿಂದ ಒಂದಕ್ಕೆ ಅಂತರ ಸಮ ಇರಬೇಕು. ನಾನು ನಾಲಿಗೆ ಕಚ್ಚಿಕೊಂಡು ಒಂದೊಂದೇ ತುಂಬುತ್ತ ಹೋದೆ. ಇಪ್ಪತ್ತು ಚೌಕ ದಾಟಿದ ಮೇಲೆ ಒಂದು ದುಂಡನೆಯ ಗುರುತು ಬಂತು. ಅದೇನೆಂದು ಕೇಳಿದೆ. ಬಾವಿ ಎಂದ ಅಪ್ಪ. ಅದರ ಪಕ್ಕದ ಚುಕ್ಕಿ ಕರೆಂಟಿನ ಕಂಬ. ಬಾವಿ, ಕಂಬ, ಅದರಾಚೆ ನಾನು ಈಗಷ್ಟೇ ಮುಕ್ಕಾಲು ಭಾಗ ತುಂಬಿದ ಚೌಕ. ನಮ್ಮ ಬಾಗಿಲಿನಲ್ಲಿ ನಿಂತರೆ ದಿನಾ ಕಾಣುವುದೇ ಹಾಗೆ.

“ಇದು ಅತ್ತಿ ಗಿರಣಿ ಹೌದಲ್ಲಪ್ಪಾ?”

ಅಪ್ಪ ಹೌದೆಂದ. ಓರೆ ಗೆರೆ ತುಂಬಿದ್ದೆಲ್ಲ ಒಡೆಯುವ ಭಾಗ ಎಂದ. ಮುಂದಿನ ಆರೇಳು ಅಡಿಯನ್ನು ನೀಲಮ್ಮನ ಗಂಡ ಯಾವಾಗಲೋ ರಸ್ತೆಯ ಜಾಗಕ್ಕೆ ಚಾಚಿ ಕಟ್ಟಿದ್ದನಂತೆ. ಬೀಸುವ ಯಂತ್ರವನ್ನು ಕೂರಿಸಿದ ಸಿಮೆಂಟ್ ಕಟ್ಟೆ ಸರಿಯಾಗಿ ಆ ಆರೇಳು ಅಡಿಯೊಳಗೇ ಇತ್ತು. ನಾನು ಪೆನ್ಸಿಲ್ ಕೆಳಗಿಟ್ಟೆ. ಉಳಿದ ಚೌಕಗಳನ್ನು ಅಪ್ಪನೇ ತುಂಬಿದ.

ಅದಾದ ಎರಡು ಮೂರು ದಿನಕ್ಕೆ ನೀಲಮ್ಮ ನಮ್ಮ ಮನೆಗೆ ಬಂದಳು. ಹುಬ್ಬಿನ ಮೇಲೆಲ್ಲ ಹಿಟ್ಟು ಕೂತಿತ್ತು. ಅವ್ವ ಕೊಟ್ಟ ಹುಣಸೆ ಪಾನಕವನ್ನು ಕೈಯಲ್ಲಿ ಹಿಡಿದುಕೊಂಡೇ ಕುಡಿಯದೆ ಕೂತಳು. ಹಲಗೆಯ ಕಡೆ ನೋಡಲಿಲ್ಲ. ಆಮೇಲೆ ಹೇಳಿದಳು, “ತಮ್ಮಾ, ನಾ ಎಂದೂ ನಿನ್ನ ಏನೂ ಕೇಳಿಲ್ಲ. ಗೆರಿ ಬರಿಯಾಂವ ನೀನ ಅದಿ. ಒಂದು ಕೂದಲೆಳಿಯಷ್ಟು ಆಚಿಗೆ ಹಾಕು.”

ಅಪ್ಪ ಕೈಯಲ್ಲಿದ್ದ ಬಟ್ಟೆಯನ್ನು ಮಡಚಿದ, ಬಿಚ್ಚಿದ. “ಅಕ್ಕ, ಗೆರಿ ನಾ ಬರೀತೀನಿ. ಎಲ್ಲಿ ಬರೀಬೇಕು ಅನ್ನೋದು ನನ್ನ ಕೈಯಾಗಿಲ್ಲ.”

ಅವಳಿಗೆ ಆ ಮಾತು ಅರ್ಥವಾಗಲಿಲ್ಲ. ನನಗೂ ಆಗಲಿಲ್ಲ. ಪೆನ್ನು ಅವನ ಕೈಯಲ್ಲೇ ಇತ್ತಲ್ಲ. ಅಪ್ಪ ಮೆತ್ತಗೆ ಬೇರೆ ಮಾತು ಎತ್ತಿದ. ಬಸ್ ನಿಲ್ದಾಣದ ಹಿಂದೆ ಒಬ್ಬ ಕಿರಾಣಿ ವ್ಯಾಪಾರಿಯ ತಗಡಿನ ಶೆಡ್ಡು ಖಾಲಿ ಇತ್ತು. ಅದಕ್ಕೆ ಗಿರಣಿಯ ಮೋಟರು ನಡೆಯುವಂಥ ಮೂರು ಫೇಸಿನ ಕರೆಂಟೂ ಇತ್ತು. ಹೊಸದಾಗಿ ಆ ಕರೆಂಟು ಎಳೆಸಿಕೊಳ್ಳಬೇಕೆಂದರೆ ವರ್ಷಗಟ್ಟಲೆ ಅಲೆದಾಡಬೇಕಾದ ಕಾಲ ಅದು. ವ್ಯಾಪಾರಿ ನೀಲಮ್ಮನಿಗೇ ಕೊಡುತ್ತೇನೆ, ಆದರೆ ಭಾನುವಾರದೊಳಗೆ ಹೇಳಬೇಕು ಎಂದಿದ್ದ. ಅದನ್ನು ಹಿಡಿದುಬಿಡು ಎಂದು ಅಪ್ಪ ಎರಡು ಸಲ ಹೇಳಿದ. ಅವಳು ನೋಡುತ್ತೇನೆ ಎಂದಳು. ಆ ಶೆಡ್ಡಿಗೆ ಹೋದರೆ ದಾರಿಹೋಕರ ಜೋಳ ಬರುವುದಿಲ್ಲ, ಗಂಡ ಕಟ್ಟಿದ ಜಾಗ ಬಿಟ್ಟು ಹೋಗಲು ಮನಸ್ಸಿಲ್ಲ ಎಂದು ಹೊರಗೆ ಕಟ್ಟೆಯ ಮೇಲೆ ಅವ್ವನ ಮುಂದೆ ಹೇಳಿ ಕಣ್ಣೊರೆಸಿಕೊಂಡಳು. ಕಣ್ಣೀರು ಹಿಟ್ಟಿನ ಮೇಲೆ ಇಳಿದು ಕೆನ್ನೆಯ ಮೇಲೆ ದಾರಿ ಬಿದ್ದಿತ್ತು.

ಶನಿವಾರ ಮಧ್ಯಾಹ್ನ ಹಳೆಯ ಶಾಯಿ ಗಟ್ಟಿಯಾಗಿ ದಪ್ಪ ಗೆರೆಯ ಪೆನ್ನು ಕಟ್ಟಿಕೊಂಡಿತು. ಅಪ್ಪ ಹೊಸ ಶಾಯಿ ತರಲು ಲಿಂಗಸುಗೂರಿಗೆ ಹೋದ. ಅವ್ವ ಅಡುಗೆಮನೆಯ ತಂಪು ನೆಲದ ಮೇಲೆ ಸೆರಗು ಹಾಸಿ ಮಲಗಿದ್ದಳು. ಹಲಗೆಯ ಮೇಲೆ, ಅಪ್ಪ ಕಚ್ಚಾ ನಕ್ಷೆಯನ್ನು ಶಾಯಿಯಲ್ಲಿ ಇಳಿಸುತ್ತಿದ್ದ ಟ್ರೇಸಿಂಗ್ ಪೇಪರು ಹರಡಿತ್ತು. ದಪ್ಪ ಗೆರೆ ಬಾವಿಯನ್ನೂ ಗಿರಣಿಯನ್ನೂ ದಾಟಿ ಸ್ವಲ್ಪ ದೂರ ಹೋಗಿ ನಿಂತಿತ್ತು.

ತಪ್ಪಿದ ಗೆರೆಯನ್ನು ಅಪ್ಪ ಹೇಗೆ ತೆಗೆಯುತ್ತಾನೆ ಎಂದು ನಾನು ನೋಡಿದ್ದೆ. ಅರ್ಧ ಬ್ಲೇಡನ್ನು ಬೆರಳ ನಡುವೆ ಬಾಗಿಸಿ, ಶಾಯಿಯನ್ನಷ್ಟೇ ಕೆರೆದು, ರಬ್ಬರು ತಿಕ್ಕಿ, ಕೊನೆಗೆ ಉಗುರಿನಿಂದ ಆ ಜಾಗವನ್ನು ನುಣುಪು ಮಾಡುತ್ತಿದ್ದ. ನಾನೂ ಹಾಗೇ ಮಾಡಿದೆ. ಬಾವಿಯಿಂದ ಗಿರಣಿಯ ಆಚೆಯ ಗೋಡೆಯ ತನಕ ಗೆರೆ ತೆಗೆದೆ. ಸ್ಕೇಲಿಟ್ಟು ನಾಲ್ಕು ಮಿಲಿಮೀಟರ್ ರಸ್ತೆಯ ನಡುವಿನ ಕಡೆಗೆ ಗುರುತು ಹಾಕಿದೆ. ಆ ನಕ್ಷೆಯಲ್ಲಿ ಎರಡು ಮಿಲಿಮೀಟರ್ ಎಂದರೆ ನೆಲದ ಮೇಲೆ ಒಂದು ಮೀಟರ್. ನಾಲ್ಕು ಸರಿದರೆ ಯಂತ್ರದ ಕಟ್ಟೆ ಉಳಿಯುತ್ತದೆ ಎಂದು ಲೆಕ್ಕ ಹಾಕಿದ್ದೆ. ದಪ್ಪ ಪೆನ್ನು ಕಟ್ಟಿಕೊಂಡಿತ್ತಾದ್ದರಿಂದ ತೆಳು ಪೆನ್ನಿನಿಂದಲೇ ಒಂದರ ಪಕ್ಕ ಒಂದು ಎರಡು ಸಲ ಎಳೆದು ದಪ್ಪ ಮಾಡಿದೆ. ಒಣಗುವ ತನಕ ಊದುತ್ತ ನಿಂತೆ.

ಆಮೇಲೆ ಗಿರಣಿಗೆ ಓಡಿದೆ. ಯಂತ್ರ ನಿಂತಿತ್ತು. ನೀಲಮ್ಮ ಡಬ್ಬಿಗಳಿಗೆ ಮುಚ್ಚಳ ಹಾಕುತ್ತಿದ್ದಳು. ಗೆರೆ ಸರಿದಿದೆ, ಗಿರಣಿ ಉಳಿಯಿತು ಎಂದು ನಾನು ಅವಳ ಕಿವಿಯಲ್ಲಿ ಹೇಳಿದೆ. ಅವಳು ಮುಚ್ಚಳ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದಳು.

“ನಿಮ್ಮಪ್ಪ ಹೇಳಿ ಕಳಿಸ್ಯಾನೇನು?”

ನಾನೇ ಮಾಡಿದೆ ಎಂದರೆ ನಂಬುವುದಿಲ್ಲ ಎನಿಸಿತು. ಹೌದೆಂದು ತಲೆ ಆಡಿಸಿದೆ. ಅವಳು ನನ್ನನ್ನು ಬಹಳ ಹೊತ್ತು ನೋಡಿದಳು. ಯಾರ ಮುಂದೂ ಹೇಳಬೇಡ ಎಂದು ಬಾಯಿಯ ಮೇಲೆ ಬೆರಳಿಟ್ಟು, ಬೆಲ್ಲದ ತುಣುಕು ಕೊಟ್ಟು ಕಳಿಸಿದಳು.

ಭಾನುವಾರ ಬೆಳಿಗ್ಗೆ ಅವಳು ವ್ಯಾಪಾರಿಗೆ ಶೆಡ್ಡು ಬೇಡವೆಂದು ಹೇಳಿಬಂದಳು. ಅದನ್ನು ಅವ್ವ ಬಾವಿಕಟ್ಟೆಯಲ್ಲಿ ಕೇಳಿಕೊಂಡು ಬಂದು ಅಪ್ಪನಿಗೆ ಹೇಳಿದಳು. ಅಪ್ಪ ಬೇಸರದಿಂದ, ಅಕ್ಕ ಯಾಕೆ ಹೀಗೆ ಹಟ ಮಾಡುತ್ತಾಳೋ ಎಂದ. ನಾನು ಅಲ್ಲೇ ಕೂತು ಮಂಡಾಳ ತಿನ್ನುತ್ತಿದ್ದೆ. ಒಳಗೊಳಗೇ ಖುಷಿ ಇತ್ತು, ಅವನಿಗೆ ಗೊತ್ತಿಲ್ಲದ್ದು ನನಗೆ ಗೊತ್ತಿದೆ ಎಂದು.

ಅಂದೇ ಮಧ್ಯಾಹ್ನ ಅಪ್ಪ ಹೊಸ ಶಾಯಿ ತುಂಬಿ, ನಿಂತಿದ್ದ ಗೆರೆಯನ್ನು ಮುಂದುವರಿಸಲು ಹಲಗೆಯ ಮುಂದೆ ನಿಂತ. ಪೆನ್ನನ್ನು ಹಾಳೆಗೆ ತಾಗಿಸುವ ಮೊದಲೇ ಎತ್ತಿಕೊಂಡ. ಬಗ್ಗಿ ನೋಡಿದ. ಎರಡು ತೆಳು ಗೆರೆ ಸೇರಿಸಿದ್ದು ಅವನ ಕಣ್ಣಿಗೆ ಎಲ್ಲಿ ತಪ್ಪೀತು? ಹಾಳೆಯನ್ನು ಬಿಚ್ಚಿ ಕಿಟಕಿಯ ಬೆಳಕಿಗೆ ಹಿಡಿದ. ನಾನು ಕೆರೆದ ಜಾಗ ತೆಳ್ಳಗಾಗಿ ಆಚೆಯ ಬಿಸಿಲು ಅಲ್ಲಿಂದ ತೂರಿ ಬರುತ್ತಿತ್ತು.

ಅವನು ಬೈಯಲಿಲ್ಲ. ಹತ್ತಿರ ಕರೆದು ಕೂರಿಸಿಕೊಂಡ. ಗೆರೆಯ ಪಕ್ಕ ತಾನು ಬರೆದಿದ್ದ ಒಂದು ಅಂಕಿಯ ಮೇಲೆ ಬೆರಳಿಟ್ಟ. ರಸ್ತೆಯ ನಡುವಿನಿಂದ ಅಂಚಿಗೆ ಹನ್ನೆರಡು ಮೀಟರ್ ಎಂದಿತ್ತು. ಆಮೇಲೆ ಹಾಳೆಯ ಕೆಳತುದಿಯಲ್ಲಿ, ಅವನ ಎಲ್ಲ ನಕ್ಷೆಗಳಲ್ಲೂ ಇರುತ್ತಿದ್ದ, ನಾನು ಎಂದೂ ಓದದಿದ್ದ ಒಂದು ಸಾಲು ತೋರಿಸಿದ. ಬರೆದ ಅಳತೆಯನ್ನೇ ಅನುಸರಿಸತಕ್ಕದ್ದು, ನಕ್ಷೆಯನ್ನು ಅಳೆಯಬಾರದು.

“ಜಾಗಕ್ಕೆ ಹೋದೋರು ನಾ ಎಳದ ಗೆರಿ ನೋಡಂಗಿಲ್ಲವ್ವ. ಈ ಅಂಕಿ ನೋಡ್ತಾರ. ಟೇಪ್ ಹಿಡದು ನಡುವಿನಿಂದ ಹನ್ನೆರಡು ಅಳಿತಾರ. ನೀ ಗೆರಿ ಎಲ್ಲಿ ಎಳದ್ರೂ ಅದು ಅಲ್ಲೇ ಬಂದು ನಿಂದರ್ತೈತಿ.”

ಹಾಗಿದ್ದರೆ ಅಂಕಿಯನ್ನೇ ಬದಲಿಸು ಎಂದೆ. ಆ ಅಂಕಿ ತನ್ನದಲ್ಲ, ಮೇಲಿನಿಂದ ಬಂದದ್ದು, ಅದು ಇನ್ನೂ ಎಷ್ಟೋ ಕಾಗದಗಳಲ್ಲಿ ಇದೆ ಎಂದ. ಮತ್ತೆ ಇಷ್ಟು ಚೆಂದ ಗೆರೆ ಯಾಕೆ ಎಳೆಯುತ್ತೀ ಎಂದು ಕೇಳಿದೆ. ಅಪ್ಪ ಹಾಳೆಯನ್ನು ಸುತ್ತುತ್ತ, “ನೋಡೋರಿಗೆ ತಿಳೀಲಿ ಅಂತ, ಅಷ್ಟ” ಎಂದ. ಅಷ್ಟು ಸಣ್ಣ ದನಿಯಲ್ಲಿ ಅವನು ಮಾತಾಡಿದ್ದನ್ನು ನಾನು ಅದಕ್ಕೂ ಮುಂಚೆ ಕೇಳಿರಲಿಲ್ಲ. ನಮ್ಮ ಚಾಪೆಯ ಮೇಲೆ ಬಂದು ಕೂತಿದ್ದ ಆ ದೊಡ್ಡವರೆಲ್ಲ ಏನೂ ಇಲ್ಲದವನ ಹತ್ತಿರ ಬಂದಿದ್ದರು ಎಂದು ಆಗ ಹೊಳೆಯಿತು.

ಆಮೇಲೆ ಅವನು ಕೇಳಿದ, “ಯಾರ ಮುಂದಾದ್ರೂ ಹೇಳೀಯೇನು ಇದನ್ನ?”

“ಇಲ್ಲ” ಎಂದೆ.

ಯಾಕೆ ಹಾಗೆ ಹೇಳಿದೆ ಎಂದು ನನ್ನನ್ನು ನಾನೇ ಸಾವಿರ ಸಲ ಕೇಳಿಕೊಂಡಿದ್ದೇನೆ. ಹೊಡೆಯುತ್ತಾನೆಂಬ ಭಯ ಇರಲಿಲ್ಲ. ಅಪ್ಪ ನನ್ನ ಮೇಲೆ ಎಂದೂ ಕೈ ಎತ್ತಿದವನಲ್ಲ. ಅವನ ಹೆಸರು ಹೇಳಿ ಸುಳ್ಳಾಡಿದ್ದೆ, ಅದಕ್ಕೇ ಇರಬೇಕು. ಹೌದೆಂದಿದ್ದರೆ ಅವನು ಆ ಕ್ಷಣವೇ ಚಪ್ಪಲಿ ಮೆಟ್ಟಿಕೊಂಡು ನೀಲಮ್ಮನ ಹತ್ತಿರ ಹೋಗುತ್ತಿದ್ದ. ಶೆಡ್ಡು ಇನ್ನೂ ಖಾಲಿಯೇ ಇತ್ತು. ಇನ್ನೂ ನಾಲ್ಕು ದಿನ ಖಾಲಿ ಇತ್ತು.

ಆ ನಾಲ್ಕೂ ದಿನ ನಾನು ಗಿರಣಿಗೆ ಹೋದೆ. ಹೇಳಬೇಕೆಂದೇ ಹೋದೆ. ಮೊದಲ ದಿನ ಗಿರಾಕಿಗಳಿದ್ದರು. ಎರಡನೇ ದಿನ ನೀಲಮ್ಮ ಕಲ್ಲು ಕಡಿಯುವವನನ್ನು ಕರೆಸಿ, ಬೀಸುವ ಕಲ್ಲಿಗೆ ಹೊಸ ಹಲ್ಲು ಹಾಕಿಸುತ್ತಿದ್ದಳು. ಉಳಿಯ ಒಂದೊಂದು ಪೆಟ್ಟಿಗೂ ಕಲ್ಲಿನ ಪುಡಿ ಹಾರುತ್ತಿತ್ತು. ಅವಳು ಎಷ್ಟೋ ದಿನದ ಮೇಲೆ ನಗುತ್ತ ನಿಂತಿದ್ದಳು. ನನ್ನ ಬಾಯಿಯೊಳಗೆ ಮಾತು ಬರುತ್ತಿತ್ತು, ಹಲ್ಲಿನ ತನಕ ಬಂದು ನಿಲ್ಲುತ್ತಿತ್ತು. ಮೂರನೇ ದಿನ ಯಂತ್ರ ನಡೆಯುತ್ತಿತ್ತು. ನಾನು ಆ ಸದ್ದಿನಲ್ಲೇ ಹೇಳಿಬಿಟ್ಟೆ, ಗೆರೆ ಮತ್ತೆ ಅಲ್ಲಿಗೇ ಹೋಗಿದೆ ಎಂದು. ಅವಳಿಗೆ ಕೇಳಿಸಲಿಲ್ಲ. ಏನೆಂದು ಕೈಯಾಡಿಸಿದಳು. ನಾನು ಏನಿಲ್ಲವೆಂದು ಕೈಯಾಡಿಸಿದೆ.

ನಾಲ್ಕನೇ ದಿನ ಸಂಜೆ ಆ ಶೆಡ್ಡಿನಲ್ಲಿ ಒಬ್ಬ ವೆಲ್ಡಿಂಗಿನವನು ತನ್ನ ಸಾಮಾನು ಇಳಿಸಿದ.

ಅಪ್ಪ ಅಷ್ಟರಲ್ಲಿ ಹೊಸ ಹಾಳೆಯ ಮೇಲೆ ಇಡೀ ನಕ್ಷೆಯನ್ನು ಮತ್ತೆ ಬರೆದು ಮುಗಿಸಿದ್ದ. ಪ್ರತಿ ತೆಗೆಯುವುದನ್ನು ತೋರಿಸುತ್ತೇನೆಂದು ಮೊದಲೇ ಮಾತು ಕೊಟ್ಟಿದ್ದರಿಂದ ನನ್ನನ್ನೂ ಲಿಂಗಸುಗೂರಿಗೆ ಕರೆದುಕೊಂಡು ಹೋದ. ಬಸ್ಸಿನಲ್ಲಿ ನಕ್ಷೆಯ ಸುರುಳಿ ನನ್ನ ತೊಡೆಯ ಮೇಲಿತ್ತು. ಕಚೇರಿಯ ಹಿಂದಿನ ಕತ್ತಲೆ ಕೋಣೆಯಲ್ಲಿ, ಹಳದಿ ಕಾಗದದ ಮೇಲೆ ಅಪ್ಪನ ಹಾಳೆಯನ್ನಿಟ್ಟು ದೀಪದ ಯಂತ್ರದೊಳಗೆ ಬಿಟ್ಟರು. ಆಮೇಲೆ ಆ ಕಾಗದವನ್ನು ಅಮೋನಿಯಾದ ಪೆಟ್ಟಿಗೆಯೊಳಗೆ ಹಾಕಿದರು. ತೆಗೆದಾಗ ಅದರ ಮೇಲೆ ನೀಲಿ ಗೆರೆಗಳು ಎದ್ದಿದ್ದವು. ಒಂದು, ಎರಡು, ಮೂರು, ಹೀಗೆ ಆರು ಪ್ರತಿ. ಆರರಲ್ಲೂ ಬಾವಿ, ಕಂಬ, ಗಿರಣಿಯ ಮೇಲೆ ಹಾಯ್ದ ದಪ್ಪ ಗೆರೆ. ಇದನ್ನು ಬ್ಲೇಡಿನಿಂದ ಕೆರೆಯಲು ಬರುತ್ತದೆಯೇ ಎಂದು ಅಲ್ಲಿನವನನ್ನು ಕೇಳಿದೆ. ಅವನು ನಕ್ಕು, ಇಲ್ಲವ್ವ ಎಂದ. ಆ ಕೋಣೆಯಲ್ಲಿ ಎಲ್ಲರ ಕಣ್ಣಲ್ಲೂ ನೀರು ಬರುತ್ತಿತ್ತು. ನಾನು ಅಳುತ್ತಿದ್ದುದು ಯಾರಿಗೂ ತಿಳಿಯಲಿಲ್ಲ.

ಮುಂಗಾರಿಗೆ ಮುಂಚೆ ಕೆಂಪು ಬಣ್ಣದ ಡಬ್ಬಿ ಹಿಡಿದುಕೊಂಡು ಜನ ಬಂದರು. ಅಪ್ಪನೂ ಅವರ ಜೊತೆ ಇರಬೇಕಾಯಿತು. ನಕ್ಷೆ ಬಿಚ್ಚಿ ತೋರಿಸುವುದು ಅವನ ಕೆಲಸ. ಅಪ್ಪ ಹೇಳಿದ್ದಂತೆಯೇ ಆಯಿತು. ರಸ್ತೆಯ ನಡುವೆ ಮೊಳೆ ಹೊಡೆದು, ಟೇಪು ಹಿಡಿದು, ಹನ್ನೆರಡು ಎಂದು ಕೂಗಿದರು. ಟೇಪಿನ ತುದಿ ಗಿರಣಿಯ ಬಾಗಿಲೊಳಗೆ ಹೋಗಿ, ಯಂತ್ರವನ್ನು ದಾಟಿ, ಹಿಂದಿನ ಗೋಡೆಯ ಹತ್ತಿರ ನಿಂತಿತು. ಅಲ್ಲಿ ಕೆಂಪು ಗೆರೆ ಎಳೆದರು.

ನಾನು ಅವ್ವನ ಸೆರಗಿನ ಹಿಂದೆ ನಿಂತಿದ್ದೆ. ನೀಲಮ್ಮ ಆ ಕೆಂಪು ಗೆರೆಯನ್ನು ನೋಡಿದಳು. ಅಪ್ಪನನ್ನು ನೋಡಿದಳು. ಆಮೇಲೆ ತಿರುಗಿ ನನ್ನನ್ನು ನೋಡಿದಳು. ಈಗ ಹೇಳುತ್ತಾಳೆ, ನಿನ್ನ ಮಗಳ ಕೈಯಲ್ಲಿ ಹೇಳಿ ಕಳಿಸಿದ್ದೆಯಲ್ಲ ಎಂದು ಎಲ್ಲರ ಎದುರಿಗೆ ಕೇಳುತ್ತಾಳೆ ಎಂದು ಅವ್ವನ ಸೆರಗನ್ನು ಮುಖಕ್ಕೆ ಎಳೆದುಕೊಂಡೆ. ಅವಳು ಅಪ್ಪನಿಗೆ ಹೇಳಿದ್ದು ಇಷ್ಟೇ: “ಮಷಿನ್ ಕೀಳಾಕ ನಾಕು ದಿನ ಬೇಕಪ್ಪ. ಅಷ್ಟು ಕೊಡಸು.”

ಅಪ್ಪ ಸಾಹೇಬರಿಗೆ ಕೈಮುಗಿದು ಒಂದು ವಾರ ಕೊಡಿಸಿದ. ಅವನಿಂದಾದದ್ದು ಅಷ್ಟೇ.

ಕಿತ್ತ ಯಂತ್ರವನ್ನು ಒಯ್ಯಲು ಎಲ್ಲೂ ಜಾಗ ಇರಲಿಲ್ಲ. ರಸ್ತೆ ಬದಿಯ ಎಲ್ಲ ಅಂಗಡಿಯವರೂ ಏಕಕಾಲಕ್ಕೆ ಜಾಗ ಹುಡುಕುತ್ತಿದ್ದರು. ಮೂರು ಫೇಸಿನ ಕರೆಂಟಿದ್ದ ಕಡೆಯಂತೂ ಒಂದೂ ಉಳಿದಿರಲಿಲ್ಲ. ಯಂತ್ರವನ್ನು ನಮ್ಮ ಹಿತ್ತಿಲಿನಲ್ಲಿ ತಾಡಪತ್ರೆ ಹೊದಿಸಿ ಇಟ್ಟರು. ಹೊಸ ಹಲ್ಲು ಹಾಕಿಸಿದ್ದ ಎರಡು ಕಲ್ಲುಗಳು ಗೋಡೆಗೆ ಒರಗಿ ನಿಂತವು. ಮಳೆ ಬಂತು. ಪಟ್ಟಿಯನ್ನು ಇಲಿಗಳು ತಿಂದವು. ಅವ್ವ ಹಿಟ್ಟಿಗಾಗಿ ಡಬ್ಬಿ ಹೊತ್ತು ಊರ ಆಚೆ ತುದಿಗೆ ಹೋಗತೊಡಗಿದಳು. ದೀಪಾವಳಿಯ ಹೊತ್ತಿಗೆ ನೀಲಮ್ಮ ಸಿಂಧನೂರಿಗೆ ಹೋದಳು, ಅಲ್ಲಿ ಯಾರದೋ ಗಿರಣಿಯಲ್ಲಿ ಹಿಟ್ಟು ಹಿಡಿದು ಕೊಡುವ ಕೆಲಸಕ್ಕೆ.

ನಮ್ಮ ಮನೆಯೂ ಮೊದಲಿನಂತೆ ಉಳಿಯಲಿಲ್ಲ. ನೀನೇ ಗೆರೆ ಹಾಕಿದವನು ಎಂದು ಎದುರಿಗೆ ಅಂದವರು ಕೆಲವರು. ಅನ್ನದೆ ಮುಖ ತಿರುಗಿಸಿದವರು ಹಲವರು. ಚಹಾದ ಅಂಗಡಿಯಲ್ಲಿ ಎಲ್ಲರಿಗೂ ಕೊಟ್ಟ ಮೇಲೆ ಕೊನೆಗೆ ಅಪ್ಪನಿಗೆ ಚಹಾ ಬರುತ್ತಿತ್ತು. ಅವನು ನಿಲ್ದಾಣದಲ್ಲಿ ಬಸ್ಸಿಗಾಗಿ ಕಾಯುವುದನ್ನು ಬಿಟ್ಟು ಊರಾಚೆ ನಡೆದುಹೋಗಿ ಅಲ್ಲಿ ಕೈ ಅಡ್ಡ ಮಾಡಿ ಹತ್ತುತ್ತಿದ್ದ. ಹಲಗೆಯನ್ನು ಮತ್ತೆಂದೂ ಮನೆಗೆ ತರಲಿಲ್ಲ. ಮುಂದೆ ನೀಲಮ್ಮನ ಮಾತು ಬಂದಾಗಲೆಲ್ಲ ಅಪ್ಪ ಹೇಳುತ್ತಿದ್ದುದು ಒಂದೇ. ಅಕ್ಕ ಆ ಶೆಡ್ಡು ಹಿಡಿದಿದ್ದರೆ ಉಳಿಯುತ್ತಿದ್ದಳು, ನಾನು ಇನ್ನೂ ಗಟ್ಟಿಯಾಗಿ ಹೇಳಬೇಕಾಗಿತ್ತು, ಹೇಳಲಿಲ್ಲ ಎಂದು. ತಪ್ಪನ್ನು ತನ್ನ ಮೇಲೇ ಹಾಕಿಕೊಳ್ಳುತ್ತಿದ್ದ. ನಾನು ತಟ್ಟೆ ನೋಡುತ್ತ ಊಟ ಮಾಡುತ್ತಿದ್ದೆ. ಹೈಸ್ಕೂಲಿನಲ್ಲೂ ಹೇಳಲಿಲ್ಲ, ಡಿಪ್ಲೊಮಾ ಸೇರಿ ಅವನಂತೆಯೇ ಗೆರೆ ಎಳೆಯಲು ಕಲಿತಾಗಲೂ ಹೇಳಲಿಲ್ಲ, ಮದುವೆಯಾಗಿ ಲಿಂಗಸುಗೂರಿಗೆ ಬಂದ ಮೇಲೂ ಹೇಳಲಿಲ್ಲ. ಹೇಳಬೇಕೆಂದು ಗಟ್ಟಿ ಮನಸ್ಸು ಮಾಡಿ ಒಂದು ಭಾನುವಾರ ಮಸ್ಕಿಗೆ ಹೋದಾಗ ಅವನಿಗೆ ಜ್ವರ ಇತ್ತು. ಗುಣವಾದ ಮೇಲೆ ಹೇಳಿದರಾಯಿತು ಎಂದುಕೊಂಡೆ. ಗುಣವಾಗಲಿಲ್ಲ.

ಅಪ್ಪ ಹೋದ ಮರುವರ್ಷ ಸಿಂಧನೂರಿನಲ್ಲಿ ನೀಲಮ್ಮನನ್ನು ಹುಡುಕಿಕೊಂಡು ಹೋದೆ. ಗಿರಣಿಯ ಕೆಲಸ ಬಿಟ್ಟು ಬಹಳ ದಿನವಾಗಿತ್ತು. ಒಂದು ಕೋಣೆಯ ಮನೆ. ಬಾಗಿಲಿನಲ್ಲಿ ಕೂತು ಅಕ್ಕಿಯಲ್ಲಿನ ಕಲ್ಲು ಆರಿಸುತ್ತಿದ್ದಳು. ನನ್ನ ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು. ಅಪ್ಪ ಹೋದದ್ದು ಅವಳಿಗೆ ಗೊತ್ತಿರಲಿಲ್ಲ. ಕೇಳಿ, ಆರಿಸುತ್ತಿದ್ದ ಕೈಯನ್ನು ಮೊರದ ಮೇಲಿಟ್ಟಳು. ನಾನು ತಡಮಾಡದೆ ಹೇಳಿಬಿಟ್ಟೆ, ಅಂದು ಅಪ್ಪ ಹೇಳಿ ಕಳಿಸಿರಲಿಲ್ಲ, ನಾನೇ ಸುಳ್ಳು ಹೇಳಿದ್ದೆ ಎಂದು.

“ನಂಗ ಗೊತ್ತಿತ್ತಲ್ಲವ್ವ” ಎಂದಳು. “ಶಿವಣ್ಣ ಅಂಥಾ ಮಾತು ಕೂಸಿನ ಕೈಯಾಗ ಹೇಳಿ ಕಳಸಾಂವಲ್ಲ.”

“ಮತ್ಯಾಕ ನಂಬಿದಿ ಅತ್ತಿ?”

ಅವಳು ಅಕ್ಕಿಯನ್ನು ಒಂದು ಬದಿಗೆ ಸರಿಸಿದಳು. “ನಂಬಬೇಕಾಗಿತ್ತು. ಬ್ಯಾರೆ ಯಾರೂ ಹಂಗ ಅಂದಿರಲಿಲ್ಲ ನನಗ.”

ಆಮೇಲೆ ಅವಳು, ನಿಮ್ಮಪ್ಪನಿಗೆ ಇದನ್ನು ಹೇಳಿದ್ದೆಯಾ ಎಂದು ಕೇಳಿದಳು. ಇಲ್ಲವೆಂದೆ. ಅವಳು ನನ್ನ ಕಡೆ ಬಾಗಿ, ನಾನು ಹುಡುಗಿಯಾಗಿದ್ದಾಗ ಮಾಡುತ್ತಿದ್ದಂತೆ ನನ್ನ ಕೆನ್ನೆಯನ್ನು ಅಂಗೈಯಿಂದ ಒರೆಸಿದಳು. “ಹಂಗಾರ ಇದು ಗೊತ್ತಿದ್ದೋರು ನಾವಿಬ್ಬರ ಉಳದ್ವಿ” ಎಂದಳು.

ಈಗ ಲಿಂಗಸುಗೂರಿನಿಂದ ಸಿಂಧನೂರಿಗೆ ಬಸ್ಸು ಮಸ್ಕಿಯಲ್ಲಿ ಎಲ್ಲೂ ತಡೆಯದೆ ಹಾದುಹೋಗುತ್ತದೆ. ರಸ್ತೆ ಆಮೇಲೆ ಇನ್ನೂ ಒಂದು ಸಲ ಅಗಲವಾಯಿತು. ಆ ಬಾವಿಯನ್ನೂ ಮುಚ್ಚಿದ್ದಾರೆ. ಕಿಟಕಿಯಿಂದ ಕೈ ಚಾಚಿದರೆ ಸಿಗುವಂಥದ್ದು ಯಾವುದೂ ಈಗ ಹತ್ತಿರದಲ್ಲಿಲ್ಲ. ಕಳೆದ ಬೇಸಿಗೆಯಲ್ಲಿ ತುರ್ವಿಹಾಳದಿಂದ ನೀಲಮ್ಮನ ಮಗಳು ಫೋನು ಮಾಡಿದ್ದಳು, ಅವ್ವ ಹೋದಳು ಎಂದು. ನಾನು ಮಣ್ಣಿಗೆ ಹೋಗಿಬಂದೆ. ಬರುವಾಗ ಆ ಮಗಳು ನನ್ನ ಕೈ ಹಿಡಿದುಕೊಂಡು, ಅವ್ವ ಆ ಶೆಡ್ಡನ್ನು ಅಂದು ಯಾಕೆ ಬಿಟ್ಟಳೋ ನನಗೆ ಇಂದಿಗೂ ತಿಳಿದಿಲ್ಲ, ನಿಮಗೇನಾದರೂ ಗೊತ್ತೇ ಎಂದು ಕೇಳಿದಳು.

ನನಗೆ ಐವತ್ತು ಹತ್ತಿರವಾಗಿದೆ. ಗೊತ್ತಿಲ್ಲವೆಂದು ಹೇಳಿ ಬಸ್ಸು ಹತ್ತಿದೆ.